ಹೊಡೆದದ್ದು ಉಡುಪೋ, ಕೈಯೋ?

ಸ್ಯಾಮ್ ರೈಮಿ ನಿರ್ದೇಶಿಸಿ 2007ರಲ್ಲಿ ತೆರೆಗೆ ಬಂದ ‘ಸ್ಪೈಡರ್‌ಮ್ಯಾನ್ 3’ ಚಿತ್ರವನ್ನು ನಾಯಕನ ಒಳಗಿನ ಕತ್ತಲೆಯ ಕಥೆ ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಅದು ಒಳಗಿನ ಕತ್ತಲೆಯನ್ನು ಹೊರಗಿನದೆಂದು ತೋರಿಸಿ ನಾಯಕನನ್ನು ಪಾರುಮಾಡುವ ಕಥೆ.

ಉಲ್ಕೆಯೊಂದಿಗೆ ಭೂಮಿಗೆ ಬಿದ್ದ ಕಪ್ಪು ಜೀವಿಯೊಂದು ಪೀಟರ್ ಪಾರ್ಕರ್‌ನ ಮೈಗೆ ಉಡುಪಾಗಿ ಅಂಟಿಕೊಳ್ಳುತ್ತದೆ. ಆಮೇಲೆ ನೋಡಿ ಅವನ ಸೊಕ್ಕು! ಸಾಕಿದ ದೊಡ್ಡಪ್ಪನ ಸಾವಿಗೆ ಸೇಡು ತೀರಿಸಲು ಸ್ಯಾಂಡ್‌ಮ್ಯಾನ್‌ನನ್ನು ಕೊಲ್ಲಹೊರಡುತ್ತಾನೆ. ಗೆಳೆಯ ಹ್ಯಾರಿಯ ಮುಖ ಸುಡಲು ಕಾರಣನಾಗುತ್ತಾನೆ. ಕ್ಲಬ್ಬಿನ ಹೊಡೆದಾಟವನ್ನು ತಡೆಯಬಂದ ಪ್ರೇಯಸಿ ಮೇರಿ ಜೇನ್ ಅವನ ಏಟಿಗೆ ನೆಲಕ್ಕುರುಳುತ್ತಾಳೆ. ಕೊನೆಗೆ ಚರ್ಚಿನ ಗಂಟೆಯ ಸದ್ದಿನಲ್ಲಿ ಆ ಉಡುಪನ್ನು ಕಿತ್ತೆಸೆಯುತ್ತಾನೆ. ಅಲ್ಲಿಗೆ ತಪ್ಪೂ ಕಳಚಿಬಿತ್ತು!

ಆ ಜೀವಿ ಮನುಷ್ಯನಲ್ಲಿ ಮೊದಲೇ ಇದ್ದ ಗುಣಗಳನ್ನು, ಅದರಲ್ಲೂ ಆಕ್ರಮಣಶೀಲತೆಯನ್ನು ಹೆಚ್ಚಿಸುತ್ತದೆಂದು ಪ್ರಾಧ್ಯಾಪಕ ಕಾನರ್ಸ್ ಎಚ್ಚರಿಸುತ್ತಾರೆ, ನಿಜ. ಹಾಗಾದರೆ ಕೆಡುಕು ಪೀಟರ್‌ನಲ್ಲೇ ಇತ್ತಲ್ಲ? ಚಿತ್ರ ಈ ಬಾಗಿಲನ್ನು ತಟ್ಟಿ, ತೆರೆಯುವ ಮೊದಲೇ ಓಡಿಹೋಗುತ್ತದೆ.

ಕೊನೆಯಲ್ಲಿ ಪೀಟರ್ ಸ್ಯಾಂಡ್‌ಮ್ಯಾನ್‌ನನ್ನು ಕ್ಷಮಿಸುತ್ತಾನೆ. ಚಿತ್ರದ ಅತ್ಯಂತ ಒಳ್ಳೆಯ ಗಳಿಗೆ ಅದು. ಆದರೆ ಮೇರಿ ಜೇನ್ ಎದುರು? ಮಾತಿಲ್ಲದೆ ಕೈ ಚಾಚುತ್ತಾನೆ, ಇಬ್ಬರೂ ನರ್ತಿಸುತ್ತಾರೆ. ಕ್ಷಮಿಸುವುದು ದೊಡ್ಡತನ, ಕ್ಷಮೆ ಕೇಳಲು ಅದಕ್ಕಿಂತ ದೊಡ್ಡ ಎದೆ ಬೇಕು.

ಈ ಉಡುಪು ನಮಗೂ ಹೊಸದೇನಲ್ಲ. ಹೆಂಡತಿಗೆ ಹೊಡೆದವನು ಕುಡಿತವನ್ನು ದೂರುತ್ತಾನೆ. ನೆರೆಯವನ ಅಂಗಡಿಗೆ ಬೆಂಕಿಯಿಟ್ಟವನು ಗುಂಪಿನಲ್ಲಿದ್ದೆ ಎನ್ನುತ್ತಾನೆ. ಅಮಲು ಇಳಿಯುತ್ತದೆ, ಗುಂಪು ಚದುರುತ್ತದೆ. ಆ ಕೈ ಮಾತ್ರ ಅವನ ಮೈಯಲ್ಲೇ ಉಳಿದಿರುತ್ತದೆ.