ಗುಳಿಗೆಯನ್ನೇ ನುಂಗದ ಶಿಶುವಿನ ತಪ್ಪೇನು?

ಎಚ್‌ಐವಿ ಸೋಂಕಿತರಲ್ಲಿ ಔಷಧ ಪ್ರತಿರೋಧ ಬೆಳೆಯಲು ಅವರ ಬೇಜವಾಬ್ದಾರಿಯೇ ಕಾರಣ, ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗಿದರೆ ಸಮಸ್ಯೆಯೇ ಇರದು ಎಂಬ ವಾದ ಅಚ್ಚಾಗಿದೆ. ಡೋಸ್ ತಪ್ಪಿದರೆ ಅಪಾಯ ಹೆಚ್ಚುತ್ತದೆ ಎಂಬಷ್ಟು ನಿಜ. ಉಳಿದದ್ದು ಪರಿಶೀಲನೆಗೆ ನಿಲ್ಲುವುದಿಲ್ಲ.

ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ 10 ಆಫ್ರಿಕನ್ ದೇಶಗಳ ಸಮೀಕ್ಷೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿತು. ಹೊಸದಾಗಿ ಸೋಂಕು ಪತ್ತೆಯಾದ ಶಿಶುಗಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳ ಮೈಯಲ್ಲಿ ಚಿಕಿತ್ಸೆಗೆ ಮೊದಲೇ ಪ್ರತಿರೋಧಿ ವೈರಾಣು ಇತ್ತು. ಯಾವ ಗುಳಿಗೆಯನ್ನು ತಪ್ಪಿಸಿದ್ದವು ಆ ಕೂಸುಗಳು? ಪ್ರತಿರೋಧಿ ವೈರಾಣು ಒಬ್ಬರಿಂದ ಒಬ್ಬರಿಗೆ ದಾಟುತ್ತದೆ ಎಂಬುದನ್ನು ಆ ವಾದ ಮರೆತೇಬಿಟ್ಟಿದೆ.

ಔಷಧದ ಸ್ವಭಾವವೂ ಮುಖ್ಯ. ಈ ವೈರಾಣು ತನ್ನ ನಕಲು ಮಾಡಿಕೊಳ್ಳುವಾಗ ಆಗುವ ತಪ್ಪುಗಳನ್ನು ತಿದ್ದುವುದಿಲ್ಲ. ನೆವಿರಪಿನ್‌ನಂಥ ಔಷಧವನ್ನು ಸೋಲಿಸಲು ಅದಕ್ಕೆ ಒಂದೇ ರೂಪಾಂತರ ಸಾಕು. ಚಿಕಿತ್ಸೆಯಲ್ಲಿ ಜೊತೆಯಾಗಿ ಕೊಡುವ ಮೂರೂ ಔಷಧಗಳು ಒಟ್ಟಿಗೆ ನಿಂತರೆ ಉಳಿದೆರಡು ಬೇಗ ಇಳಿದು, ನೆವಿರಪಿನ್ ಒಂಟಿಯಾಗಿ ದಿನಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಪ್ರತಿರೋಧ ಹುಟ್ಟುವುದು ಆಗಲೇ.

ಔಷಧ ನಿಲ್ಲುವುದು ಸದಾ ರೋಗಿಯಿಂದಲೂ ಅಲ್ಲ. 2022ರಲ್ಲಿ ಸೋಂಕಿತರು ದೆಹಲಿಯ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಚೇರಿಯಲ್ಲಿ ಧರಣಿ ಕೂತದ್ದು ಗುಳಿಗೆಗಳ ಕೊರತೆಯ ವಿರುದ್ಧ. ಭಾರತದಲ್ಲಿ ಉಚಿತ ಚಿಕಿತ್ಸೆ 2004ರಲ್ಲೇ ಆರಂಭವಾದರೂ ರಕ್ತದಲ್ಲಿನ ವೈರಾಣು ಪ್ರಮಾಣ ಅಳೆಯುವ ವೈರಲ್ ಲೋಡ್ ಪರೀಕ್ಷೆಯನ್ನು ಎಲ್ಲರಿಗೂ ಒದಗಿಸುವ ಕಾರ್ಯಕ್ರಮ ಬಂದದ್ದು 2018ರಲ್ಲಿ. ಸೋತ ಔಷಧ ಗೊತ್ತಾಗದೆ ಮುಂದುವರಿದಷ್ಟೂ ರೂಪಾಂತರಗಳು ಹೆಚ್ಚುತ್ತವೆ.

ಈಗ ಕೊಡುವ ಡೊಲುಟೆಗ್ರಾವಿರ್ ಎಂಬ ಔಷಧಕ್ಕೆ ಪ್ರತಿರೋಧ ಅಷ್ಟು ಸುಲಭವಾಗಿ ಹುಟ್ಟದು. ಅದನ್ನು ಉಳಿಸಿಕೊಳ್ಳಲು ಬೇಕಾದದ್ದು ಎಚ್‌ಐವಿ ಚಿಕಿತ್ಸೆ ನೀಡುವ ಎಆರ್‌ಟಿ ಕೇಂದ್ರಗಳಲ್ಲಿ ತಪ್ಪದ ದಾಸ್ತಾನು ಮತ್ತು ಸಕಾಲದ ಪರೀಕ್ಷೆ. ರೋಗಿಯನ್ನು ಬೈಯುವುದರಿಂದ ಇವೆರಡೂ ಸಿಗುವುದಿಲ್ಲ.