ಗಳಿಸಿದ್ದು 56, ಕೈಗೆ ಬಂದದ್ದು 26

ಒಬ್ಬ ವಿದ್ಯಾರ್ಥಿ ವರ್ಷವಿಡೀ ಓದಿ ಪರೀಕ್ಷೆ ಬರೆದ. ಗಳಿಸಿದ್ದು 56 ಅಂಕ. ಕೈಗೆ ಬಂದ ಪಟ್ಟಿಯಲ್ಲಿ ಇದ್ದದ್ದು 26. ಫಲಿತಾಂಶ ನಪಾಸು. ಕಾರಣ ಕೇಳಿದರೆ, ‘ನಿನ್ನ ಶಾಲೆಯ ಆಡಳಿತ ಮಂಡಳಿ ಸಾಲ ತೀರಿಸಿಲ್ಲ, ಅದಕ್ಕಾಗಿ 30 ಅಂಕ ವಜಾ’ ಎಂಬ ಉತ್ತರ. ಯಾವ ತಂದೆ ತಾಯಿ ಇದನ್ನು ಒಪ್ಪಿಯಾರು?

ಶಾಲೆಯಲ್ಲಿ ಹೀಗೆ ಆಗುವುದಿಲ್ಲ. ಆದರೆ ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಆಗಿದೆ. ಲಂಡನ್ನಿನ ಉತ್ತರಕ್ಕಿರುವ ಲೂಟನ್ ಎಂಬ ಪಟ್ಟಣದ ಕ್ಲಬ್ಬು 2008–09ರ ಸಾಲಿನಲ್ಲಿ 46 ಪಂದ್ಯ ಆಡಿತು. 13ರಲ್ಲಿ ಗೆಲುವು, 17 ಸಮ, 16 ಸೋಲು. ಗೆದ್ದರೆ ಮೂರು, ಸಮವಾದರೆ ಒಂದು ಅಂಕದ ಲೆಕ್ಕದಲ್ಲಿ ಒಟ್ಟು 56. ಸಾಧಾರಣ ತಂಡವೊಂದು ನೆಮ್ಮದಿಯಿಂದ ಉಳಿದುಕೊಳ್ಳುವಷ್ಟು ಅಂಕ ಅದು. ಆದರೆ ಲೂಟನ್ ಆ ವರ್ಷ ಆಟ ಶುರು ಮಾಡಿದ್ದೇ ಸೊನ್ನೆಗಿಂತ 30 ಕೆಳಗಿನಿಂದ. ಕೊನೆಗೆ ಉಳಿದದ್ದು 26 ಅಂಕ, 24 ತಂಡಗಳಲ್ಲಿ ಕಟ್ಟಕಡೆಯ ಸ್ಥಾನ.

ಅಲ್ಲಿ ಕಟ್ಟಕಡೆಯ ಸ್ಥಾನವೆಂದರೆ ಬರೀ ಅವಮಾನವಲ್ಲ. ಇಂಗ್ಲೆಂಡಿನ ಲೀಗು ಮೆಟ್ಟಿಲು ಮೆಟ್ಟಿಲಾಗಿದೆ. ಮೇಲಿನ ನಾಲ್ಕು ಮೆಟ್ಟಿಲುಗಳಲ್ಲಿ 92 ಕ್ಲಬ್ಬುಗಳು. ಪ್ರತಿ ವರ್ಷ ಚೆನ್ನಾಗಿ ಆಡಿದವು ಒಂದು ಮೆಟ್ಟಿಲು ಏರುತ್ತವೆ, ಕೊನೆಯವು ಇಳಿಯುತ್ತವೆ. ಇಳಿದರೆ ಟಿ.ವಿ. ಹಣ ಕಡಿಮೆ, ಪ್ರೇಕ್ಷಕರು ಕಡಿಮೆ, ಆಟಗಾರರ ಸಂಬಳವೂ ಕಡಿಮೆ. ಲೂಟನ್ ನಾಲ್ಕನೆಯ ಮೆಟ್ಟಿಲಿನಿಂದಲೂ ಜಾರಿ 92ರ ಪಟ್ಟಿಯಿಂದಲೇ ಹೊರಬಿತ್ತು.

ಆ 30 ಅಂಕದ ಲೆಕ್ಕ ಹೀಗಿದೆ. ಆಟಗಾರರ ದಲ್ಲಾಳಿಗಳಿಗೆ ನಿಯಮ ಮೀರಿ ಹಣ ಕೊಟ್ಟದ್ದಕ್ಕೆ 10. ದಿವಾಳಿಯಂಚಿಗೆ ಬಂದ ಕ್ಲಬ್ಬು ಸಾಲಗಾರರೊಂದಿಗೆ ಲೀಗು ಹೇಳಿದ ರೀತಿಯ ಒಪ್ಪಂದ ಮಾಡಿಕೊಳ್ಳದೆ ಹೊರಬಂದದ್ದಕ್ಕೆ 20. ದಲ್ಲಾಳಿ ಹಣದ ತಪ್ಪು ನಡೆದದ್ದು ಹಿಂದಿನ ಆಡಳಿತದ ಕಾಲದಲ್ಲಿ. ಶಿಕ್ಷೆ ಬಂದಾಗ ಕ್ಲಬ್ಬನ್ನು ಕೈಗೆತ್ತಿಕೊಂಡಿದ್ದವರು ಅದರ ಅಭಿಮಾನಿಗಳೇ ಸೇರಿ ಕಟ್ಟಿದ ಗುಂಪು. ಮೈದಾನಕ್ಕಿಳಿದವರಲ್ಲಿ ಎಷ್ಟೋ ಮಂದಿ ಹೊಸ ಹುಡುಗರು.

ಇದು ಅನ್ಯಾಯವಲ್ಲವೆ? ಹೌದು ಎನ್ನುವ ಮುನ್ನ ಪ್ರಶ್ನೆಯ ಇನ್ನೊಂದು ಮಗ್ಗುಲನ್ನು ನೋಡಬೇಕು. ಅದಕ್ಕೆ ಇಂಗ್ಲೆಂಡಿಗೆ ಹೋಗಬೇಕಿಲ್ಲ, ಘಟಪ್ರಭೆಯ ದಂಡೆಯ ಮಸಗುಪ್ಪಿ ಸಾಕು.

ಮಸಗುಪ್ಪಿಯಲ್ಲಿ ಜಾತ್ರೆಯ ಹೊತ್ತಿಗೆ ಕಬಡ್ಡಿ ಪಂದ್ಯಾವಳಿ ಇಟ್ಟರು ಎಂದುಕೊಳ್ಳೋಣ. ಒಂದು ತಂಡದವರು ಓಣಿಯಲ್ಲಿ ಪಟ್ಟಿ ಎತ್ತಿ, ಕೂಡಿದಷ್ಟೇ ಹಣದಲ್ಲಿ ತಮ್ಮ ಹುಡುಗರನ್ನೇ ಇಳಿಸಿದರು. ಇನ್ನೊಂದು ತಂಡದವರು ಕಿರಾಣಿ ಅಂಗಡಿಯಲ್ಲಿ ಉದ್ರಿ, ಖಾನಾವಳಿಯಲ್ಲಿ ಉದ್ರಿ, ಟ್ರ್ಯಾಕ್ಸ್ ಗಾಡಿಯವನಿಗೆ ‘ನಾಳೆ ಕೊಡುತ್ತೇವೆ’ ಎಂದು ಹೇಳಿ ಪರಊರಿನ ನುರಿತ ಆಟಗಾರರನ್ನು ಕರೆತಂದರು. ಗೆದ್ದರು, ಗುಲಾಲು ಹಾರಿಸಿದರು. ಮರುದಿನ ಅಂಗಡಿಯವನು ವಹಿ ಹಿಡಿದು ಬಂದರೆ, ‘ಹಣವಿಲ್ಲ, ರೂಪಾಯಿಗೆ ನಾಲ್ಕಾಣೆ ಕೊಡುತ್ತೇವೆ, ಬೇಕಾದರೆ ತಗೋ’ ಎಂದರು. ಆಗ ಸೋತ ತಂಡದವರು ಕೇಳುವ ಪ್ರಶ್ನೆ ಸಹಜವಾದದ್ದು: ಅವರು ಗೆದ್ದದ್ದು ಯಾರ ದುಡ್ಡಿನಲ್ಲಿ?

ಇಂಗ್ಲೆಂಡಿನ ಸಣ್ಣ ಕ್ಲಬ್ಬುಗಳು ಕೇಳಿದ್ದೂ ಇದನ್ನೇ. 2002ರ ಅಕ್ಟೋಬರಿನಲ್ಲಿ ಲೆಸ್ಟರ್ ಸಿಟಿ ಕ್ಲಬ್ಬು ಸಾಲದ ಹೊರೆಯಿಂದ ಆಡಳಿತಾಧಿಕಾರಿಯ ಕೈಗೆ ಹೋಯಿತು. ಸಾಲದ ಬಹುಭಾಗ ಇಳಿಯಿತು. ಅದೇ ಸಾಲಿನ ಕೊನೆಗೆ ಆ ತಂಡ ಎರಡನೆಯ ಸ್ಥಾನ ಪಡೆದು ಪ್ರೀಮಿಯರ್ ಲೀಗಿಗೆ ಬಡ್ತಿಯನ್ನೂ ಪಡೆಯಿತು. ಲೆಕ್ಕ ಸರಿಯಾಗಿಟ್ಟುಕೊಂಡು, ದುಬಾರಿ ಆಟಗಾರರನ್ನು ತರದೆ ಹಿಂದೆ ಉಳಿದವರ ಹೊಟ್ಟೆ ಉರಿಯದೆ ಇದ್ದೀತೆ? 2004ರಲ್ಲಿ ಲೀಗು ನಿಯಮ ತಂದಿತು: ಹೀಗೆ ಆಡಳಿತಾಧಿಕಾರಿಯ ಕೈಗೆ ಹೋದ ಕ್ಲಬ್ಬಿಗೆ 10 ಅಂಕ ಕಡಿತ. 2015ರಲ್ಲಿ ಅದನ್ನು 12ಕ್ಕೆ ಏರಿಸಲಾಯಿತು. ದಂಡವನ್ನು ಹಣದಲ್ಲಿ ವಿಧಿಸಿದರೆ ಹಣವೇ ಇಲ್ಲದವನು ಅದನ್ನೂ ಉದ್ರಿ ಹೇಳುತ್ತಾನೆ. ಅಂಕವನ್ನು ಉದ್ರಿ ಹೇಳಲು ಬರುವುದಿಲ್ಲ.

ಹಾಗಾದರೆ ವಹಿ ಹಿಡಿದು ಬಂದ ಅಂಗಡಿಯವನಿಗೆ ನ್ಯಾಯ ಸಿಕ್ಕಿತೆ? ಪೂರ್ತಿ ಇಲ್ಲ. ಅಲ್ಲಿನ ನಿಯಮದಂತೆ ಆಟಗಾರರ ಬಾಕಿ ಮತ್ತು ಬೇರೆ ಕ್ಲಬ್ಬುಗಳ ಬಾಕಿಯನ್ನು ಪೂರ್ತಿ ತೀರಿಸಬೇಕು. ಉಳಿದವರಿಗೆ, ಅಂದರೆ ತೆರಿಗೆ ಇಲಾಖೆಯಿಂದ ಹಿಡಿದು ಊರಿನ ಸಣ್ಣ ವ್ಯಾಪಾರಿಯವರೆಗೆ, ಸಿಕ್ಕಷ್ಟು. 2008ರಲ್ಲಿ ಎಫ್.ಎ. ಕಪ್ ಗೆದ್ದಿದ್ದ ಪೋರ್ಟ್ಸ್‌ಮತ್ 2010ರಲ್ಲಿ ಮುಳುಗಿದಾಗ, ಹಣ ಬರಬೇಕಾದವರ ಪಟ್ಟಿಯಲ್ಲಿ ಮೈದಾನದಂಚಿನಲ್ಲಿ ನಿಂತು ಪ್ರಥಮ ಚಿಕಿತ್ಸೆ ಕೊಡುವ ಸೇಂಟ್ ಜಾನ್ ಆಂಬ್ಯುಲೆನ್ಸ್‌ನ ಹೆಸರೂ ಇತ್ತು.

ಅಂಕ ಹೋದರೆ ಮತ್ತೆ ಗಳಿಸಬಹುದು. ಕ್ಲಬ್ಬೇ ಹೋದರೆ? ಮ್ಯಾಂಚೆಸ್ಟರಿನ ಪಕ್ಕದ ಬರಿ ಪಟ್ಟಣದ ಕತೆ ಅದು. 1885ರಲ್ಲಿ ಹುಟ್ಟಿ, 1900 ಮತ್ತು 1903ರಲ್ಲಿ ಎಫ್.ಎ. ಕಪ್ ಗೆದ್ದಿದ್ದ ಕ್ಲಬ್ಬು. 2018ರ ಡಿಸೆಂಬರಿನಲ್ಲಿ ಅದು ಒಂದೇ ಒಂದು ಪೌಂಡಿಗೆ ಕೈ ಬದಲಾಯಿಸಿತು. ಮರುವರ್ಷದ ವಸಂತದಲ್ಲಿ ಆಟಗಾರರಿಗೆ ಸಂಬಳ ಬರುತ್ತಿರಲಿಲ್ಲ. ಆದರೂ ಅವರು ಆಡಿ, ಗೆದ್ದು, ತಂಡವನ್ನು ಮೂರನೆಯ ಮೆಟ್ಟಿಲಿಗೆ ಏರಿಸಿದರು. ಏರಿದ ಮೆಟ್ಟಿಲಿನ ಮೇಲೆ ಒಂದು ಪಂದ್ಯವನ್ನೂ ಆಡುವ ಯೋಗ ಬರಲಿಲ್ಲ. ಮೊದಲು 12 ಅಂಕ ಕಡಿತವಾಯಿತು. ಆಮೇಲೆ ಪಂದ್ಯಗಳು ಒಂದೊಂದಾಗಿ ಮುಂದೆ ಹೋದವು. 2019ರ ಆಗಸ್ಟ್ 27ರಂದು, ಕ್ಲಬ್ಬು ಉಳಿದೀತೆಂಬ ಆಸೆಯಿಂದ ಅಭಿಮಾನಿಗಳು ಬೆಳಿಗ್ಗೆಯೇ ಬಂದು ಗಿಗ್ ಲೇನ್ ಮೈದಾನದ ಆಸನಗಳನ್ನು ತೊಳೆದು ಒರೆಸುತ್ತಿದ್ದರು. ಆ ರಾತ್ರಿ ಲೀಗು ಬರಿಯನ್ನು ಉಚ್ಚಾಟಿಸಿತು.

ಆದರೆ ಎರಡೂ ಊರಿನವರು ಕೈ ಚೆಲ್ಲಿ ಕೂರಲಿಲ್ಲ. ಬರಿಯ ಅಭಿಮಾನಿಗಳು 2022ರಲ್ಲಿ ಮೈದಾನವನ್ನು ಕೊಂಡರು. 2023ರಲ್ಲಿ ತಂಡ ಗಿಗ್ ಲೇನ್‌ಗೆ ಮರಳಿತು, ಮೂರನೆಯ ಮೆಟ್ಟಿಲಿಗಲ್ಲ, ಒಂಬತ್ತನೆಯ ಮೆಟ್ಟಿಲಿಗೆ. ಲೂಟನ್ ಐದು ವರ್ಷ ಹೊರಗೆ ಕಳೆದು 2014ರಲ್ಲಿ ಒಳಗೆ ಬಂತು. 2018, 2019ರಲ್ಲಿ ಒಂದೊಂದು ಮೆಟ್ಟಿಲು ಏರಿತು. 2023ರ ಮೇ ತಿಂಗಳಲ್ಲಿ ವೆಂಬ್ಲಿಯಲ್ಲಿ ಕೊವೆಂಟ್ರಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿ ಪ್ರೀಮಿಯರ್ ಲೀಗನ್ನೇ ಮುಟ್ಟಿತು. ಒಂದೇ ವರ್ಷದಲ್ಲಿ ಇಳಿಯಿತು, 2025ರಲ್ಲಿ ಇನ್ನೊಂದು ಮೆಟ್ಟಿಲು ಜಾರಿತು. ಆದರೆ ಈ ಸಲ ಇಳಿದದ್ದು ಆಟದಲ್ಲಿ ಸೋತು, ಲೆಕ್ಕದಲ್ಲಿ ಅಲ್ಲ. ಆಟಗಾರನಿಗೆ ಈ ಎರಡರ ವ್ಯತ್ಯಾಸ ಚೆನ್ನಾಗಿ ಗೊತ್ತು.

ನಮ್ಮ ನಾಡಿಗೆ ಬಂದರೆ ಚಿತ್ರ ಸ್ವಲ್ಪ ಬೇರೆ. ಬೆಂಗಳೂರಿನ ಫುಟ್‌ಬಾಲ್ ಬಹುಕಾಲ ಎಚ್‌.ಎ.ಎಲ್., ಐ.ಟಿ.ಐ.ಯಂಥ ಕಾರ್ಖಾನೆಗಳ ನೆರಳಿನಲ್ಲಿತ್ತು. ಆಡಬಲ್ಲ ಹುಡುಗನಿಗೆ ಅಲ್ಲೊಂದು ನೌಕರಿಯ ಆಸೆ ಇರುತ್ತಿತ್ತು. ಎಚ್‌.ಎ.ಎಲ್. ತಂಡ 2010ರಲ್ಲಿ ಐ-ಲೀಗಿಗೆ ಏರಿ 2012ರಲ್ಲಿ ಇಳಿಯಿತು. ಮರುವರ್ಷ ಏರ್ ಇಂಡಿಯಾ ಮತ್ತು ಒ.ಎನ್‌.ಜಿ.ಸಿ. ತಂಡಗಳು ಹೊರಬಿದ್ದದ್ದು ಮೈದಾನದಲ್ಲಿ ಸೋತು ಅಲ್ಲ, ಕ್ಲಬ್ಬಿನ ಪರವಾನಗಿಯ ನಿಬಂಧನೆಗಳನ್ನು ಪೂರೈಸಲಾಗದೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌.ಸಿ. ಮೊದಲ ಸಾಲಿನಲ್ಲೇ ಐ-ಲೀಗ್ ಗೆದ್ದಿತು. ಅಂಥ ಕ್ಲಬ್ಬು ಕೂಡ 2025ರ ಆಗಸ್ಟಿನಲ್ಲಿ, ಆ ಸಾಲಿನ ಲೀಗು ನಡೆಯುವುದೇ ಅನುಮಾನವಾದಾಗ, ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಮೈದಾನದಲ್ಲಿ ಯಾರೂ ತಪ್ಪು ಮಾಡಿರಲಿಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿಯ ಕಡೆಯ ತಂದೆ ತಾಯಿ ಮಕ್ಕಳನ್ನು ಆಟಕ್ಕೆ ಕಳಿಸಬಾರದು ಎಂದು ಇದರ ಅರ್ಥವಲ್ಲ. ಮಗಳಿಗೋ ಮಗನಿಗೋ ವರ ನೋಡುವಾಗ, ಕನ್ಯೆ ನೋಡುವಾಗ ಮನೆತನ ವಿಚಾರಿಸುವ ನಾವು, ಕ್ಲಬ್ಬಿಗೋ ಅಕಾಡೆಮಿಗೋ ಸೇರಿಸುವಾಗ ಕೂಟದ ಬೂಟು, ಜರ್ಸಿ ನೋಡಿ ಮರುಳಾಗುತ್ತೇವೆ. ತರಬೇತಿಗಾರನಿಗೆ ಸಂಬಳ ತಿಂಗಳು ತಿಂಗಳು ಬರುತ್ತದೆಯೆ, ಲೆಕ್ಕಪರಿಶೋಧನೆ ಆಗುತ್ತದೆಯೆ, ಹಣ ಕೊಡುವ ಧಣಿ ನಾಳೆ ಕೈಬಿಟ್ಟರೆ ಮುಂದೇನು, ಓದು ಜೊತೆಯಲ್ಲಿ ಸಾಗುತ್ತದೆಯೆ ಎಂದು ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ಇಂಗ್ಲೆಂಡಿನಲ್ಲಿ ಇದೇ ಪ್ರಶ್ನೆಗಳನ್ನು ಕ್ಲಬ್ಬುಗಳಿಗೆ ಕೇಳಲೆಂದೇ 2025ರ ಜುಲೈಯಲ್ಲಿ ಕಾಯ್ದೆ ಮಾಡಿ, ಸ್ವತಂತ್ರ ನಿಯಂತ್ರಕರನ್ನು ನೇಮಿಸುವ ವ್ಯವಸ್ಥೆ ತಂದರು.

ವಿದ್ಯಾರ್ಥಿಗಳಿಗೂ ಇಲ್ಲೊಂದು ಕೆಲಸವಿದೆ. ಊರಿನ ಯುವಕ ಸಂಘದಲ್ಲಿ ನಾಯಕನಾಗಲು, ರೇಡರ್ ಆಗಲು, ಗೋಲು ಹೊಡೆಯಲು ಎಲ್ಲರೂ ಮುಂದೆ ಬರುತ್ತಾರೆ. ಖಜಾಂಚಿಯಾಗಲು ಯಾರೂ ಬರುವುದಿಲ್ಲ. ಗಣಿತದಲ್ಲಿ ಜಾಣನಾದ ಹುಡುಗನೋ ಹುಡುಗಿಯೋ ಒಂದು ವಹಿ ಇಟ್ಟು, ಬಂದದ್ದು ಎಡಕ್ಕೆ, ಹೋದದ್ದು ಬಲಕ್ಕೆ ಬರೆದು, ತಿಂಗಳಿಗೊಮ್ಮೆ ಎಲ್ಲರೆದುರು ಓದಿ ಹೇಳಿದರೆ ಸಾಕು. ಆ ವಹಿ ಸರಿಯಿದ್ದಲ್ಲಿ, ಹುಡುಗರು ಬೆವರು ಸುರಿಸಿ ಗಳಿಸಿದ 56 ಅಂಕ 56 ಆಗಿಯೇ ಉಳಿಯುತ್ತದೆ.