ಅಮ್ಮನ ಫೋನ್ ಅಪ್‌ಡೇಟ್ ಆಗಿದೆಯೇ?

ಕಳೆದ ತಿಂಗಳು ಹಾಸನದಿಂದ ಅಮ್ಮನ ಫೋನ್ ಬಂತು. ಔಷಧಿ ಅಂಗಡಿಯಲ್ಲಿ ದುಡ್ಡು ಕೊಡಲು ಹೋದರೆ ಆ್ಯಪ್ ತೆರೆಯುತ್ತಿಲ್ಲ, 'ಮೊದಲು ಅಪ್‌ಡೇಟ್ ಮಾಡಿ' ಅನ್ನುತ್ತಿದೆ. ಅಲ್ಲಿ ನೆಟ್‌ವರ್ಕ್ ಒಂದೇ ಕಡ್ಡಿ, ಡೌನ್‌ಲೋಡ್ ಮುಗಿಯುವುದೇ ಇಲ್ಲ, ಹಿಂದೆ ಜನ ಕಾಯುತ್ತಿದ್ದಾರೆ. 'ನಾಳೆ ಕೊಡಿ ಬಿಡಿ ಅಮ್ಮ' ಎಂದು ಅಂಗಡಿಯವರು ಮಾತ್ರೆ ಕೊಟ್ಟು ಕಳಿಸಿದರಂತೆ. 'ಕಂಪ್ಯೂಟರ್ ಕೆಲಸದವನು ನೀನು, ಇದೇನೋ ಹೀಗೆ?' ಎಂದರು. ಪುಣೆಯಲ್ಲಿ ಕೂತ ನನ್ನ ಹತ್ತಿರ ಉತ್ತರವಿರಲಿಲ್ಲ. ಅವರ ಫೋನಿನಲ್ಲಿ ಆಟೋ ಅಪ್‌ಡೇಟ್ ಆಫ್ ಮಾಡಿದ್ದು ನಾನೇ. ಹಿಂದೊಮ್ಮೆ ಅಪ್‌ಡೇಟ್ ಆಗಿ ಗುಂಡಿಗಳ ಜಾಗ ಬದಲಾದಾಗ ಅಮ್ಮ ಗಾಬರಿಯಾಗಿದ್ದರು.

ಅಪ್‌ಡೇಟ್ ಎಂದರೆ ಹೆದರುವುದರಲ್ಲಿ ಅರ್ಥವಿಲ್ಲ ಎನ್ನಲಾರೆ. 2020ರ ಕೊನೆಯಲ್ಲಿ, ಕೋಟಿ ಸಲಕ್ಕೂ ಹೆಚ್ಚು ಇನ್‌ಸ್ಟಾಲ್ ಆಗಿದ್ದ ಬಾರ್‌ಕೋಡ್ ಓದುವ ಆ್ಯಪ್ ಒಂದು ಒಂದೇ ಅಪ್‌ಡೇಟ್‌ನಿಂದ ಕೆಟ್ಟುಹೋಗಿ, ಬೇಡದ ಜಾಹೀರಾತು ಪುಟಗಳನ್ನು ತಾನಾಗಿಯೇ ತೆರೆಯತೊಡಗಿತ್ತು.

ಆದರೆ ಹಳೆಯದರಲ್ಲೇ ಉಳಿಯುವುದು ಇನ್ನೂ ಅಪಾಯ. 2019ರಲ್ಲಿ ವಾಟ್ಸ್ಆ್ಯಪ್ ಕರೆಯಲ್ಲಿದ್ದ ಒಂದು ದೋಷದಿಂದ, ಕರೆ ಎತ್ತದಿದ್ದರೂ ಪೆಗಾಸಸ್ ಬೇಹು ತಂತ್ರಾಂಶ ಫೋನಿನೊಳಗೆ ನುಸುಳಬಹುದಿತ್ತು. ಸುಮಾರು 1,400 ಜನ ಗುರಿಯಾದರು, ಅವರಲ್ಲಿ ಭಾರತೀಯರೂ ಇದ್ದರು. ಪರಿಹಾರ ಬಂದದ್ದು ಅಪ್‌ಡೇಟ್ ಆಗಿಯೇ. ದೋಷ ಸರಿಪಡಿಸಿದ ಸುದ್ದಿ ಹೊರಬಿದ್ದರೆ ಅದು ಕಳ್ಳರ ಕಿವಿಗೂ ಬೀಳುತ್ತದೆ. ಆಮೇಲೆ ಹಳೆಯ ಆವೃತ್ತಿ ಇಟ್ಟುಕೊಂಡವರು ಬೀಗ ಮುರಿದಿದೆ ಎಂದು ಬೋರ್ಡು ಹಾಕಿಕೊಂಡ ಹಾಗೆ.

ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ. ಕಂಪನಿಗಳು ಹೊಸ ಆವೃತ್ತಿಯನ್ನು ಹಂತಹಂತವಾಗಿ ಬಿಡಬಹುದು. ಐಫೋನ್‌ನಲ್ಲಿ ಹಾಗೆ ಬಿಟ್ಟರೆ, ಆಟೋ ಅಪ್‌ಡೇಟ್ ಇರುವವರಲ್ಲಿ ಮೊದಲ ದಿನ ಶೇ. 1 ಮಂದಿಗೆ, ಏಳನೇ ದಿನ ಎಲ್ಲರಿಗೂ ತಲುಪುತ್ತದೆ. ನಡುವೆ ತೊಂದರೆ ಕಂಡರೆ ನಿಲ್ಲಿಸಬಹುದು. ಆತುರಪಟ್ಟು ತಾವೇ ಒತ್ತುವವರಿಗೆ ಈ ರಕ್ಷಣೆ ಇಲ್ಲ.

ಹಾಗಾಗಿ ಆಟೋ ಅಪ್‌ಡೇಟ್ ಆನ್ ಇರಲಿ, ಬಳಸದ ಆ್ಯಪ್‌ಗಳನ್ನು ತೆಗೆದುಹಾಕಿ. ಊರಲ್ಲಿರುವ ಅಪ್ಪ ಅಮ್ಮನ ಫೋನಿನಲ್ಲಿ ಇನ್ನೊಂದನ್ನು ಗಮನಿಸಿ: ಮನೆಯಲ್ಲಿ ವೈಫೈ ಇಲ್ಲದೆ 'ವೈಫೈ ಮಾತ್ರ' ಎಂದಿಟ್ಟರೆ ಅಪ್‌ಡೇಟ್ ಆಗುವುದೇ ಇಲ್ಲ. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಆಯ್ಕೆಯಲ್ಲಿ ಮೊಬೈಲ್ ಡೇಟಾಕ್ಕೂ ಒಪ್ಪಿಗೆ ಕೊಡಿ.

ಗುಂಡಿಯ ಜಾಗ ಬದಲಾದರೆ ವಿಡಿಯೋ ಕಾಲ್ ಮಾಡಿ ತೋರಿಸಿದರಾಯಿತು. ಹತ್ತು ನಿಮಿಷದ ಕೆಲಸ. ಅದನ್ನು ಉಳಿಸಲು ಹೋಗಿಯೇ ನಾನು ಅಮ್ಮನನ್ನು ಅಂಗಡಿಯಲ್ಲಿ ಸಾಲ ಹೇಳುವಂತೆ ಮಾಡಿದ್ದು.